ಗುಹೆಯೊಳಗಿನ ಒಂದು ವರ್ಷ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಮತ್ತೆ ಗೋಡೆ ಮುಂದೆ. ಸಿನಿಮಾದ ಮೂರನೇ ಭಾಗದ ಚಾರ್ಟು, ದೃಶ್ಯಕ್ಕೊಂದು ಚೀಟಿ. ಮೇಲಿನ ಸಾಲಲ್ಲಿ ಆಕಾಶನೌಕೆ: ನಾಯಕನ ತಂಗಿ ಒಳಗೆ ಸಿಕ್ಕಿಕೊಂಡಿದ್ದಾಳೆ, ಗಾಳಿ ಉಳಿದಿರುವುದು ಹನ್ನೊಂದು ದಿನಕ್ಕೆ. ಕೆಳಗಿನ ಸಾಲಲ್ಲಿ ನಾಯಕ: ಬೇರೆ ಗ್ರಹದಲ್ಲಿ ಗುರುವಿನ ಹತ್ತಿರ ತರಬೇತಿ. ಅದು ತೆರೆಯ ಮೇಲೆ ಇಲ್ಲ. ಗುಹೆಯೊಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಅಷ್ಟೇ. ಬಂದಾಗ ಗುರು ಹೇಳುವುದು — "ಒಂದು ವರ್ಷವಾಯಿತು. ಈಗ ಹೋಗು."

ಒಂದು ವರ್ಷ! ಅಷ್ಟರಲ್ಲಿ ತಂಗಿ ಸತ್ತು ಹನ್ನೊಂದೂವರೆ ತಿಂಗಳು.

ಎಡಿಟರ್ ತಲೆ ಚಚ್ಚಿಕೊಂಡರು. "ಗುರುಗಳಿಗೆ ಮರೆವು ಕಣ್ರೀ. ಡೈಲಾಗ್ ತಪ್ಪು ಹೇಳಿದ್ದಾರೆ." ಎಲ್ಲರೂ ಹೌದು ಹೌದು ಅಂದರು. ಆ ಪಾತ್ರ ಮಾಡಿದ ಹಿರಿಯ ನಟರನ್ನು ಇಲ್ಲಿ ಕರೆಯುವುದೇ ಗುರುಗಳು ಅಂತ. ನನ್ನನ್ನು ಗಡಿಯಾರಮ್ಮ. ಕಥೆಯೊಳಗಿನ ದಿನ, ಗಂಟೆ ತಾಳೆ ನೋಡುವುದು ನನ್ನ ಕೆಲಸ.

ಅದೇ ದಿನ, 12.15

ಹಳೇ ಫೈಲ್ ತೆಗೆದೆ.

ಮೊದಲ ಸ್ಕ್ರಿಪ್ಟಿನಲ್ಲಿ ಗಾಳಿ ಒಂದು ವರ್ಷಕ್ಕಿತ್ತು. ಆಮೇಲೆ ಹನ್ನೊಂದು ದಿನಕ್ಕೆ ಇಳಿಸಿದರು. ಮೇಲಿನ ಸಾಲಿನ ಚೀಟಿ ಬದಲಾಯಿಸಿದೆ, ಕೆಳಗಿನದು ಬಿಟ್ಟೆ. ಗುರುಗಳಿಗೆ ಕಳಿಸಿದ ಹಾಳೆಯಲ್ಲಿ "ಒಂದು ವರ್ಷ" ಅಂತಲೇ ಇದೆ. ಕೆಳಗೆ ನನ್ನ ಸಹಿ. ಶೂಟಿಂಗ್ ದಿನ ಮಾನಿಟರ್ ಮುಂದೆ ಕೂತು ಓಕೆ ಅಂದವಳೂ ನಾನೇ.

ಅವರದು ಒಂದಕ್ಷರ ತಪ್ಪಿಲ್ಲ.

ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಯಾಕೆ? ಗೊತ್ತಿಲ್ಲ... ಗೊತ್ತು.

ಮಾರ್ಚ್ 4

ಹೇಳಲಿಲ್ಲ. ಗುರುಗಳೇ ಫೋನ್ ಮಾಡಿದರು. "ನನ್ನಿಂದ ನಿಮಗೆಲ್ಲ ತೊಂದರೆ ಆಯ್ತಂತೆ ಕಣಮ್ಮ. ಒಂದು ವರ್ಷ ಅಂತಲೇ ಓದಿದ ಹಾಗಿತ್ತು. ಈಗ ನನ್ನ ನೆನಪನ್ನ ನಾನೇ ನಂಬೋ ಹಾಗಿಲ್ಲ, ನೋಡು." ನಕ್ಕರು. ನಾನೂ ನಕ್ಕೆ. ಥೂ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 11, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಲ್ಲ.

ಇವತ್ತು ಮೀಟಿಂಗ್. ಗುಹೆಯ ದೃಶ್ಯ ಕತ್ತರಿಸುವುದು. ನಾಲ್ಕನೇ ಭಾಗಕ್ಕೆ ಗುರುವಿನ ಪಾತ್ರಕ್ಕೆ ಬೇರೆಯವರು. "ಏನಂತೀರಿ ಗಡಿಯಾರಮ್ಮ?" ಎಡಿಟರ್ ಕೇಳಿದರು.

"ತಪ್ಪು ನಂದು ಸಾರ್." ಹಾಳೆ ಮೇಜಿನ ಮೇಲಿಟ್ಟೆ. ಎಡಿಟರ್ ಎರಡು ಸಲ ಓದಿದರು.

"ಇದು ಯಾವತ್ತಿಂದ ನಿಮ್ಮ ಹತ್ರ ಇದೆ?"

"ಎಂಟು ದಿನ."

ನನ್ನ ಕೆಲಸ ಉಳಿಯುತ್ತೋ ಇಲ್ಲವೋ ಹೇಳಲಿಲ್ಲ. ಆ ಶಾಟ್ ಗುರುಗಳ ಬೆನ್ನ ಹಿಂದಿನದು, ತುಟಿ ಕಾಣುವುದಿಲ್ಲ. ಬೇರೆ ಮಾತು ಡಬ್ ಮಾಡಬಹುದು. "ಅವರಿಗೆ ನೀವೇ ಹೇಳಿ" ಅಂದರು.

ಮಾರ್ಚ್ 13, ಗುರುವಾರ. ಡಬ್ಬಿಂಗ್ ರೂಮ್, 11.30

ಗುರುಗಳು ಬಂದರು. ಅಂಗಿ ಜೇಬಲ್ಲಿ ಮನೆ ವಿಳಾಸದ ಚೀಟಿ. ಸುದ್ದಿ ಕೇಳಿ, ದಾರಿ ಮರೆತಾರು ಅಂತ ಹೆಂಡತಿ ಇಟ್ಟು ಕಳಿಸಿದ್ದಂತೆ. ಹಾಳೆ ತೋರಿಸಿ ಎಲ್ಲ ಹೇಳಿದೆ.

"ಅಂದ್ರೆ ನಾನು ಮರೆತಿರಲಿಲ್ಲ?"

"ಇಲ್ಲ ಸಾರ್."

"ಇನ್ನೊಂದ್ಸಲ ಹೇಳು."

ಹೇಳಿದೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಮೈಕ್ ಮುಂದೆ ಹೋಗಿ, ಹೊಸ ಹಾಳೆಯಲ್ಲಿ "ಹತ್ತು ದಿನವಾಯಿತು" ಅಂತಿದ್ದದ್ದನ್ನು ನೋಡಿ, "ಹತ್ತು ದಿನದಲ್ಲಿ ಯಾರು ಏನು ಕಲೀತಾರೆ?" ಅಂತ ಗೊಣಗಿದರು. ಹಾಳೆ ಪಕ್ಕಕ್ಕಿಟ್ಟರು. ಕೆಂಪು ದೀಪ ಹತ್ತಿತು.

"ಒಂದು ವರ್ಷ ಬೇಕಿತ್ತು. ಹತ್ತು ದಿನ ಸಿಕ್ಕಿತು. ಹೋಗು."

ಒಂದೇ ಟೇಕ್. ಎಡಿಟರ್ ಎದ್ದು ನಿಂತರು.

ಹೊರಡುವಾಗ ಗುರುಗಳು ಅಂದರು: "ನಾಳೆ ಮನೆಗೆ ಬಾ. ನನ್ನ ಹೆಂಡತಿಗೂ ನೀನೇ ಹೇಳು. ನಾನು ಹೇಳಿದ್ರೆ, ಮರೆತವರು ಹೀಗೇ ಹೇಳೋದು ಅಂತಾಳೆ."

ಮಾರ್ಚ್ 14, ಶುಕ್ರವಾರ. ಸಂಜೆ 5.10

ಅವರ ಮನೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಅಡುಗೆಮನೆ ಕಿಟಕಿ ತೆರೆದಿದೆ. ಎಲ್ಲ ಕೇಳಿಸುತ್ತಿದೆ.

"ಕಾಫಿ ನಾನೇ ಮಾಡ್ತೀನಿ ಬಿಡೇ."

"ಬೇಡಾಂದ್ರೆ. ಗ್ಯಾಸ್ ಹತ್ರ ಹೋಗ್ಬೇಡಿ. ಆರಿಸೋದು ಮರೀತೀರಿ."

"ಒಂದು ಸಲನಾದ್ರೂ ಮರೆತಿದ್ದೀನಾ?"

"ಮರೆತದ್ದು ನಿಮಗೆ ಹೇಗೆ ಗೊತ್ತಾಗುತ್ತೆ? ಬನ್ನಿ, ಇಲ್ಲಿ ಕೂತ್ಕೊಳ್ಳಿ."

ಕುರ್ಚಿ ಎಳೆದ ಸದ್ದು.

ಬೆಲ್ ಒತ್ತಿದೆ. ಹೆಜ್ಜೆ ಸಪ್ಪಳ... ಅವರ ಹೆಂಡತಿಯೇ ಬರುತ್ತಿದ್ದಾರೆ. ಮೊದಲು ಏನಂತ ಹೇಳಲಿ—