ಹೇಳಿಕೊಟ್ಟ ಮಾತು

ಯಲ್ಲಾಪುರ ಕ್ಯಾಂಪ್
೧೨ ಫೆಬ್ರವರಿ ೧೯೫೯

ಸೌ. ನೀಲಗಂಗವ್ವಳಿಗೆ,

ನಾನು ಕ್ಷೇಮ. ಗುಡ್ನಾಪುರದಲ್ಲಿ ನೀನೂ ತವರಿನವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ತಮ್ಮ ಸಂಕ್ರಾಂತಿಗೆ ಹಾಕಿದ ಕಾರ್ಡಿಗೆ ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ನಾಟಕ ಕಂಪನಿ ಶಿರಸಿಯಿಂದ ಇಲ್ಲಿಗೆ ಬಂದಾಗ ನನ್ನ ಟ್ರಂಕು ಮಾತ್ರ ತಪ್ಪಿ ಸಿದ್ದಾಪುರದ ಲಾರಿ ಹತ್ತಿತ್ತು.

ಈಗ ಆಡುತ್ತಿರುವುದು ಅದೇ ಹಳೆಯ ದುಃಖಾಂತ ನಾಟಕ. ಮಂತ್ರಿಯ ಚಾಡಿ ನಂಬಿ ರಾಜ ರಾಣಿಯನ್ನು ಅರಮನೆಯಿಂದ ಹೊರಗಟ್ಟುತ್ತಾನೆ, ಅವಳು ವಿಷ ಕುಡಿಯುತ್ತಾಳೆ, ನಿಜ ತಿಳಿದ ರಾಜ ಉಳಿದದ್ದನ್ನು ಕುಡಿಯುತ್ತಾನೆ. ಪುಸ್ತಕ ಹಿಡಿದು, ಪರದೆಯ ಮರೆಯಲ್ಲಿ ಮಾತು ಹೇಳಿಕೊಡುತ್ತ ಇದನ್ನು ತೊಂಬತ್ತು ಸಲ ನೋಡಿ ನಾನೂ ಒಂದಿಷ್ಟು ಬುದ್ಧಿ ಕಲಿತಿದ್ದೇನೆ. ವಿಷ ಕುಡಿದವರು ಮೂರು ಹಾಡು ಹಾಡಬಾರದು, ಅಷ್ಟರಲ್ಲಿ ಡಾಕ್ಟರು ಬಂದುಬಿಟ್ಟಾರು. ಮೊದಲ ಅಂಕದಿಂದಲೂ ದಾಸಿಗೆ ಎಲ್ಲ ಗೊತ್ತಿರುತ್ತದೆ, ಯಾರೂ ಕೇಳುವುದಿಲ್ಲ. ಹಾಗಾಗಿ ಮನೆಯಲ್ಲಿ ಜಗಳವಾದರೆ ಮೊದಲು ಪಾತ್ರೆ ತೊಳೆಯುವವರನ್ನು ವಿಚಾರಿಸಬೇಕು. ಇನ್ನು ರಾಣಿಯ ಪಾತ್ರದ ಕಲ್ಲವ್ವ, ವಿಷವೆಂದು ಇಟ್ಟ ಬೆಲ್ಲದ ನೀರನ್ನು ಒಂದು ಹನಿ ಬಿಡದೆ ಕುಡಿಯುತ್ತಾಳೆ. ಪಾಪ, ರಾಜ ಖಾಲಿ ಬಟ್ಟಲಿಗೇ ಸಾಯಬೇಕು.

ಕಳೆದ ಶುಕ್ರವಾರ ಒಂದು ಅನಾಹುತವಾಯಿತು. ರಾಣಿ ಹೊರಟು ನಿಂತಾಗ ರಾಜನ ಪಾತ್ರದ ಖಾಜಾ ಹುಸೇನ ಮಾತು ಮರೆತು ನನ್ನ ಕಡೆ ನೋಡಿದ. ಪುಸ್ತಕದಲ್ಲಿ ‘ತೊಲಗು’ ಅಂತಿತ್ತು. ನನ್ನ ಬಾಯಲ್ಲಿ ಬಂದದ್ದು, ‘ನಿಲ್ಲು, ಹೋಗಬ್ಯಾಡ.’ ಅವನು ಅದನ್ನೇ ದೊಡ್ಡ ದನಿಯಲ್ಲಿ ಹೇಳಿದ. ಕಲ್ಲವ್ವ ನಿಂತುಬಿಟ್ಟಳು. ಮುಂದೇನೆಂದು ಯಾರಿಗೂ ತಿಳಿಯದೆ ಪರದೆ ಎಳೆದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮಾಲಕ ನಾಗಪ್ಪ ಒಳಗೆ ಬಂದು, “ಪುಸ್ತಕದಾಗ ಇಲ್ಲದ ಮಾತು ಎಲ್ಲಿಂದ ತಂದ್ಯೋ?” ಎಂದ. ಪುಸ್ತಕ ಕಿತ್ತುಕೊಂಡ. ಈಗ ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುತ್ತೇನೆ, ದಿನವಿಡೀ ಬಾಯಿಗೆ ಕೆಲಸವಿಲ್ಲ. ಬಹಳ ಬೇಸರ, ನೀಲಾ. ಡೇರೆಯ ಬಾಳು ಸಾಕು, ಎಲ್ಲಾದರೂ ಒಂದು ಗೋಡೆಯ ಮನೆ ಮಾಡೋಣವೆಂದು ನೀನು ಎಷ್ಟು ಸಲ ಕೇಳಿದ್ದೆ. ಆಗ ಒಂದು ಮಾತೂ ಹೊಳೆಯಲಿಲ್ಲ ನನಗೆ.

ಮಧುಕೇಶ್ವರ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅವನ ಹೆಸರಿಟ್ಟುಕೊಂಡ ನನ್ನಿಂದ ಅದಾಗಲಿಲ್ಲ.

ನಿನ್ನ,
ಮಧುಕೇಶ್ವರ

ತಾ.ಕ.: ಅವತ್ತು ತವರಿಗೆ ಹೊರಟು, ಗಂಟು ಹಿಡಿದು ನೀನು “ಹೋಗ್ತೀನ್ರಿ” ಅಂದೆ. ಹಾಗನ್ನಬಾರದು, ಬರ್ತೀನಿ ಅನ್ನಬೇಕು ಅಂತ ನಾನು ತಿದ್ದಿದೆ. ನೀನು ತಲೆ ತಗ್ಗಿಸಿ, “ಬರ್ತೀನ್ರಿ” ಅಂದು ಬಸ್ಸು ಹತ್ತಿದೆ. ಎರಡು ವರ್ಷದಿಂದ ಆ ಒಂದು ಮಾತು ನಂಬಿಕೊಂಡು ಕೂತಿದ್ದೇನೆ. ಅದು ನಿನ್ನದೋ, ನಾನು ಹೇಳಿಕೊಟ್ಟದ್ದೋ, ಒಂದು ಸಾಲು ಬರೆ.