ಎರವಲು ಮೂಗು

ಸೋಮವಾರ, ಮಾರ್ಚ್ ೧೮
ಬೆಳಿಗ್ಗೆ, ನಮ್ಮ ಬಿಯರ್ ಕಾರ್ಖಾನೆಯ ಮೇಜಿನಿಂದ

ನನ್ನ ಪ್ರೀತಿಯ ಯಜಮಾನಿಗೆ,

ನಾನಿಲ್ಲಿ ಕ್ಷೇಮ ಅಂತ ಬರೆಯಲು ಹೊರಟವನು ಪೆನ್ನು ನಿಲ್ಲಿಸಿದೆ. ಸುಳ್ಳಿನಿಂದ ಶುರು ಮಾಡಿದರೆ ನೀನು ಎರಡನೇ ಸಾಲಿಗೇ ಕಾಗದ ಮಡಚಿ ಇಡುತ್ತೀಯ. ನೀನು ಅಕ್ಕನ ಮನೆಗೆ ಹೋಗಿ ಇವತ್ತಿಗೆ ಮೂವತ್ತೆಂಟು ದಿನ. ಅಷ್ಟರಲ್ಲಿ ಮೂರು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮೂರು ಸಲವೂ ಗ್ಯಾಸ್ ಸಿಲಿಂಡರು, ಬಾರ್ಲಿ ಮೂಟೆ, ಕೆಟ್ಟುಹೋದ ಪಂಪು. ಹೇಳಬೇಕಾದ್ದು ಗಂಟಲವರೆಗೆ ಬಂದು ಪ್ರತಿ ಸಲವೂ ವಾಪಸ್ ಇಳಿದುಹೋಯಿತು. ಅದಕ್ಕೇ ಈ ಕಾಗದ.

ಆ ಗುರುವಾರ ನೀನು ನಿನ್ನ ಕಪ್ಪು ಬಿಯರಿನ ಮೊದಲ ಲೋಟ ತಂದು ನನ್ನ ಮುಂದೆ ಇಟ್ಟೆ. ಬಾರ್ಲಿ ಹುರಿದದ್ದರಿಂದ ಹಿಡಿದು ಟ್ಯಾಂಕು ತೊಳೆದದ್ದರವರೆಗೆ ಆರು ವಾರ ಒಬ್ಬಳೇ ಮಾಡಿದ ಬಿಯರು. ನಾನು ಒಂದು ಗುಟುಕು ಕುಡಿದು 'ಪರವಾಗಿಲ್ಲ' ಅಂದೆ. ನೀನು ಲೋಟ ತೊಳೆದು ಬೋರಲು ಹಾಕಿದೆ. ಮರುದಿನ ಬ್ಯಾಗು ತುಂಬಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು, ಹನ್ನೊಂದು ವರ್ಷ ನಿಮ್ಮ ಮೂಗಿಗೆ ತಲೆಬಾಗಿದ್ದೇನೆ, ನನ್ನ ಕೆಲಸಕ್ಕೆ ನಿಮ್ಮಿಂದ ಇಷ್ಟೇನಾ ಸಿಕ್ಕಿದ್ದು ಅಂತ ಕೇಳಿದೆ. ಉತ್ತರ ನನ್ನಲ್ಲಿತ್ತು. ಬಾಯಿ ಬಿಡಲಿಲ್ಲ.

ಉತ್ತರ ಇದು. ಡಿಸೆಂಬರಿನಲ್ಲಿ ನನಗೆ ನೆಗಡಿ ಜ್ವರ ಬಂದಿತ್ತಲ್ಲ, ಜ್ವರ ಇಳಿಯಿತು, ವಾಸನೆ ವಾಪಸ್ ಬರಲಿಲ್ಲ. ಮೊದಲು ಮೂಗು ಕಟ್ಟಿದೆ ಅಂದುಕೊಂಡೆ. ಆಮೇಲೆ ಒಂದು ದಿನ ಒಲೆಯ ಪಕ್ಕದಲ್ಲೇ ಪೇಪರು ಓದುತ್ತಾ ಕೂತಿದ್ದೆ, ಹಾಲು ಉಕ್ಕಿ, ಸೀದು, ತಳ ಹತ್ತಿ ಹೊಗೆ ಬಂದರೂ ಗೊತ್ತಾಗಲಿಲ್ಲ. ನೀನು ಹಿತ್ತಲಿಂದ ಓಡಿಬಂದು, ಇಲ್ಲೇ ಕೂತು ನಿದ್ದೆ ಹೊಡೀತಿದೀರಾ ಅಂತ ಬೈದೆ. ನಿದ್ದೆ ಅಂತಲೇ ಒಪ್ಪಿಕೊಂಡೆ. ನಾಲಿಗೆಗೆ ಸಿಹಿ, ಹುಳಿ, ಕಹಿ ಮಾತ್ರ ಗೊತ್ತಾಗುತ್ತದೆ. ಅದರಾಚೆ ಎಲ್ಲ ಬಿಸಿನೀರು, ತಣ್ಣೀರು. ನಿನ್ನ ಬಿಯರು ನನ್ನ ಬಾಯಲ್ಲಿ ಬರೀ ಕಹಿಯಾಗಿತ್ತು, ಅಷ್ಟೆ. ಚೆನ್ನಾಗಿದೆ ಅಂದರೆ ಸುಳ್ಳು, ಚೆನ್ನಾಗಿಲ್ಲ ಅಂದರೂ ಸುಳ್ಳು. ಎರಡರ ನಡುವೆ ಸಿಕ್ಕಿದ್ದು ಆ ದರಿದ್ರ ಮಾತು.

ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತೀಯ. ಮೂಸಿಯೇ ಬಿಯರಿನ ಗುಣ ಹೇಳುವವನು ಅಂತ ಊರೆಲ್ಲ ನನ್ನನ್ನು ಮೂಗಣ್ಣ ಅಂತ ಕರೆಯುತ್ತದೆ. ಮೂಗೇ ಹೋದ ಮೂಗಣ್ಣನನ್ನು ಯಾರು ಕೇಳುತ್ತಾರೆ ಅನ್ನುವ ಹೆದರಿಕೆ. ಮೂಗು ಹೋದವನು ಮೂಗನೂ ಆಗಿಬಿಟ್ಟೆ. ಡಾಕ್ಟರಿಗೆ ತೋರಿಸಿದೆ. ನಿಧಾನಕ್ಕೆ ಸರಿಹೋಗುತ್ತದೆ ಅಂದರು.

ಈಗ ನಿನ್ನೆಯ ವಿಷಯ ಕೇಳು. ನಿನ್ನ ಕಪ್ಪು ಬಿಯರು ಒಂದು ಟ್ಯಾಂಕಿನಲ್ಲಿ, ಜನವರಿಯಲ್ಲಿ ನಾನು ಮಾಡಿದ ಹೊಂಬಣ್ಣದ್ದು ಪಕ್ಕದ ಟ್ಯಾಂಕಿನಲ್ಲಿ. ಎರಡನ್ನೂ ಈ ವಾರ ಬಾಟಲಿಗೆ ತುಂಬಬೇಕು. ಕೆಟ್ಟಿದೆಯೋ ಇಲ್ಲವೋ ಹೇಳುವವರು ಯಾರು? ಹನ್ನೊಂದು ವರ್ಷದಿಂದ ಇದೇ ಬೀದಿಯಲ್ಲಿದ್ದರೂ ನಮ್ಮ ಬಿಯರು ಮುಟ್ಟದ ಮೂವರನ್ನು ಮಧ್ಯಾಹ್ನ ಮೂರು ಗಂಟೆಗೆ ಕರೆದೆ. ಒಬ್ಬ, ಎದುರುಮನೆಯ ಬಸ್ ಡ್ರೈವರು. ವಾರದ ರಜೆಯ ದಿನ ಅಂಗಡಿಯ ಸ್ಟ್ರಾಂಗ್ ಬಿಯರನ್ನು ಮಂಜುಗಡ್ಡೆಯಷ್ಟು ತಣ್ಣಗೆ ಮಾಡಿ ಗಟಗಟ ಇಳಿಸುವವನು. ಇನ್ನೊಬ್ಬರು, ರಿಟೈರಾದ ಲೆಕ್ಕದ ಮೇಷ್ಟ್ರು. ಅರವತ್ತೆರಡು ವರ್ಷಕ್ಕೆ ಮೊದಲ ಗುಟುಕು. ಮೂರನೆಯವರು ಮೂಲೆ ಅಂಗಡಿಯ ಟೈಲರಮ್ಮ. ಕುಡಿಯಲ್ಲಪ್ಪ, ಬೇಕಾದರೆ ಮೂಸಿ ನೋಡುತ್ತೇನೆ ಅನ್ನುವ ಕರಾರಿನ ಮೇಲೆ ಬಂದರು. ನಮ್ಮ ಬಿಯರಿನ ರುಚಿ ತೋರಿಸೋಣ ಅಂತ ಕರೆದೆ ಅಂದೆ. ಒಳಗಿನ ಕಾರಣ ಹೇಳಲಿಲ್ಲ.

ಅಗಲ ಬಾಯಿಯ ಲೋಟಗಳನ್ನು ಜೋಡಿಸಿದೆ. ಡ್ರೈವರು ಮೊದಲು ಕೇಳಿದ್ದು ಐಸು. ಐಸು ಹಾಕಿದರೆ ಪರಿಮಳ ಮಲಗಿಬಿಡುತ್ತದೆ, ನಮ್ಮಂಥವರು ಕೈಯಾರೆ ಮಾಡುವ ಕ್ರಾಫ್ಟ್ ಬಿಯರು ಅಂದರೆ ಅವಸರದ ಪ್ರಯಾಣ ಅಲ್ಲ, ಮೊದಲು ಮೂಸು, ಆಮೇಲೆ ಚೂರು ಬಾಯಲ್ಲಿ ಇಟ್ಟುಕೋ ಅಂದೆ. ಕುಡಿಯೋದಕ್ಕೂ ಲರ್ನಿಂಗ್ ಲೈಸೆನ್ಸ್ ಬೇಕಾ ಅಂದ. ಮೊದಲು ಹಳೆಯ ಬಾಟಲಿಯಿಂದ ಗೋಧಿಯದು ಕೊಟ್ಟೆ. ಇದು ಪರೀಕ್ಷೆಗೆ ಕೂತು ಫೇಲಾದ ಬಿಯರು ಇದ್ದ ಹಾಗಿದೆ ಅಂತ ಡ್ರೈವರಿನ ತೀರ್ಪು. ಎರಡನೆಯದು, ಹಾಪ್ಸ್ ಹೂವು ಜಾಸ್ತಿ ಹಾಕಿದ ಕಹಿ ಬಿಯರು. ಮೇಷ್ಟ್ರ ಮುಖ ಹರಳೆಣ್ಣೆ ಕುಡಿದ ಹಾಗೆ ಆಯಿತು. ಆದರೂ ಮರ್ಯಾದಸ್ಥರು, ಲೋಟ ಖಾಲಿ ಮಾಡಿ, ಉತ್ತರ ಸರಿಯಿದೆ, ವಿಧಾನ ನನಗೆ ಅರ್ಥವಾಗಲಿಲ್ಲ ಅಂದರು. ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೂ ನಕ್ಕೂ ಸುಸ್ತಾದರು. ನನಗೂ ನಗು ಬಂತು, ನೀನು ಹೋದಮೇಲೆ ಮೊದಲ ಸಲ.

ಮೂರನೆಯದು ನನ್ನ ಟ್ಯಾಂಕಿನದು. ಬಣ್ಣ ಚಿನ್ನದ ಹಾಗಿತ್ತು, ನೊರೆಯೂ ಚೆನ್ನಾಗಿ ನಿಂತಿತ್ತು. ಟೈಲರಮ್ಮ ಮೂಸಿ ಲೋಟ ಕೆಳಗಿಟ್ಟರು. ಮತ್ತೆ ಎತ್ತಿ ಮೂಸಿದರು. ತಪ್ಪು ತಿಳಿಯಬೇಡಪ್ಪ, ಎಲೆಕೋಸು ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದ ಹಾಗಿದೆ ಅಂದರು. ಹೊಸಬರು, ಇವರಿಗೇನು ಗೊತ್ತು ಅಂದುಕೊಂಡೆ. ಡ್ರೈವರಿಗೆ ಕೊಟ್ಟೆ. ಎಲೆಕೋಸೇ, ಅದೂ ನಿನ್ನೆದು ಅಂದ. ಮೇಷ್ಟ್ರು ಕನ್ನಡಕ ತೆಗೆದು, ಕಣ್ಣು ಮುಚ್ಚಿ ಮೂಸಿ, ಹೌದು ಅಂತ ತಲೆ ಆಡಿಸಿದರು.

ಅದು ಯಾವ ತಪ್ಪು ಅಂತ ನಿನಗೆ ಹೇಳಬೇಕಿಲ್ಲ. ಕುದಿಯುವಾಗ ಮುಚ್ಚಳ ತೆರೆದಿಡದೆ ಅವಸರ ಮಾಡಿದರೆ ಬರುವ ವಾಸನೆ. ಕೆಲಸಕ್ಕೆ ಸೇರಿದ ಮೊದಲ ವಾರದವರಿಗೆ ನಾನೇ ಬೈದು ಕಲಿಸುವ ಪಾಠ. ಮೂಗಿದ್ದಾಗ ಕುದಿಯುವ ಹಂಡೆಯ ಪಕ್ಕ ನಿಂತರೆ ಸಾಕಿತ್ತು, ಗೊತ್ತಾಗುತ್ತಿತ್ತು. ಈ ಸಲ ಐನೂರು ಲೀಟರು ಕೆಡಿಸಿದ್ದೆ. ಅದರಲ್ಲೇ ಎರಡು ಪೀಪಾಯಿ ಶುಕ್ರವಾರ ಪೇಟೆಯ ಹೋಟೆಲಿಗೆ ಹೋಗಿತ್ತು. ಕುರ್ಚಿಯಲ್ಲಿ ಕೂತುಬಿಟ್ಟೆ. ಆ ಮೂವರೂ ಗಾಬರಿಯಾದರು, ತಾವು ಹೇಳಬಾರದಿತ್ತೇನೋ ಅಂತ. ಆಗ ಬಾಯಿಬಿಟ್ಟೆ. ನಿನಗೆ ಹೇಳದ್ದನ್ನು ಮೊದಲು ಅವರಿಗೆ ಹೇಳಿದೆ, ಇದನ್ನೂ ನೀನು ಕ್ಷಮಿಸಬೇಕು.

ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಡ್ರೈವರು ಲೋಟ ಕೆಳಗಿಟ್ಟು, ಬ್ರೇಕು ಹಿಡೀದ ಬಸ್ಸನ್ನ ಹೇಳದೇ ಕೇಳದೇ ರೋಡಿಗೆ ತಂದಿದ್ದೀಯಲ್ಲೋ ಮಾರಾಯ ಅಂದ. ಬೈಗುಳವೇ. ಆದರೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ, ತೆಗೆಯಲಿಲ್ಲ. ಟೈಲರಮ್ಮ ಕೇಳಿದ್ದು ಒಂದೇ ಮಾತು: ಅವಳಿಗೆ ಗೊತ್ತಾ? ಇಲ್ಲ ಅಂದೆ. ಹಾಗಾದರೆ ಅವಳ ಬಿಯರು ತಾ ಅಂದರು.

ತಂದೆ. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಅವರು ಅಂದದ್ದನ್ನೆಲ್ಲ ಅಲ್ಲೇ ಬರೆದುಕೊಂಡೆ, ಒಂದು ಮಾತೂ ನನ್ನದಲ್ಲ. ಟೈಲರಮ್ಮ: ಹತ್ತಿ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಒಂದು ಗಳಿಗೆ ಜಾಸ್ತಿ ನಿಂತಾಗ, ಸುಡುವುದಕ್ಕೆ ಸ್ವಲ್ಪ ಮುಂಚೆ ಬರುತ್ತಲ್ಲ, ಆ ವಾಸನೆ. ಮೇಷ್ಟ್ರು: ಬ್ರೆಡ್ಡಿನ ಕರಿ ಅಂಚು, ಆಮೇಲೆ ಕಾಫಿ, ಕೊನೆಗೆ ಕಿತ್ತಳೆ ಸಿಪ್ಪೆ, ಮೂರೂ ಒಂದರ ಹಿಂದೆ ಒಂದು, ತಳ್ಳಾಟ ಇಲ್ಲ. ಡ್ರೈವರು ಚೂರು ಚೂರೇ ಗುಟುಕರಿಸುತ್ತಾ ಕೂತಿದ್ದ. ಹೇಗಿದೆ ಹೇಳು ಅಂತ ಒತ್ತಾಯ ಮಾಡಿದೆ. ಇದನ್ನ ಗಟಗಟ ಕುಡಿಯೋಕೆ ಮನಸ್ಸು ಬರ್ತಿಲ್ಲ ಕಣೋ ಅಂದ. ಕುಡಿಯಲ್ಲ ಅಂದಿದ್ದ ಟೈಲರಮ್ಮ ಒಂದು ಚಮಚ ಹಾಕಿಸಿಕೊಂಡರು. ಆಮೇಲೆ ಇನ್ನೊಂದು. ನಾನೂ ಒಂದು ಲೋಟ ಹಿಡಿದು ಅವರ ಮಾತು ಕೇಳುತ್ತಾ ಕುಡಿದೆ. ನಾಲಿಗೆಗೆ ಕಹಿಯೇ. ಆದರೆ ಕಿತ್ತಳೆ ಎಲ್ಲಿ ಬರುತ್ತದೆ ಅಂತ ಮೇಷ್ಟ್ರು ಬೆರಳೆತ್ತಿ ತೋರಿಸಿದಾಗ, ಅಲ್ಲಿ ನೀನು ಸಿಪ್ಪೆ ಹೆರೆಯುತ್ತಾ ನಿಂತಿದ್ದದ್ದು ಕಂಡಿತು. ಕಣ್ಣು ತುಂಬಿ ಬಂತು. ಹೊಗೆ ಅಂದೆ. ಒಲೆ ಹಚ್ಚಿರಲಿಲ್ಲ.

ಅವರು ಎದ್ದು ಹೋಗುವ ಮೊದಲು ನಾಲ್ವರೂ ಸೇರಿ ನನ್ನ ಟ್ಯಾಂಕಿನ ತಳದ ನಲ್ಲಿ ಬಿಚ್ಚಿದೆವು. ಉಳಿದದ್ದೆಲ್ಲ ಚರಂಡಿಗೆ ಹೋಗಲು ಮುಕ್ಕಾಲು ಗಂಟೆ ಬೇಕಾಯಿತು. ಹೋಟೆಲಿಗೆ ನಾನೇ ಫೋನು ಮಾಡಿ, ತಪ್ಪು ನನ್ನದು ಅಂತ ಹೇಳಿ ಪೀಪಾಯಿ ವಾಪಸ್ ತರಿಸಿದೆ. ನಿನ್ನ ಬಿಯರು ಟ್ಯಾಂಕಿನಲ್ಲೇ ಇದೆ. ಬಾಟಲಿಗೆ ತುಂಬಿಲ್ಲ. ಅದರ ಹೆಸರು, ಚೀಟಿ, ದಿನ ಎಲ್ಲ ನೀನೇ ಹೇಳಬೇಕು. ಫೋನಿನಲ್ಲಿ ಹೇಳಿದರೂ ಸರಿ, ಹಾಗೇ ಮಾಡುತ್ತೇನೆ.

'ಪರವಾಗಿಲ್ಲ' ಅಂದ ಮಾತು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ, ಗೊತ್ತು. ನಿನ್ನ ಕೆಲಸ ನನಗೆ ಸಾಲದೆ ಬಂದ ಮಾತಲ್ಲ ಅದು, ನನಗೆ ಧೈರ್ಯ ಸಾಲದೆ ಬಂದದ್ದು. ಇಷ್ಟು ತಿಳಿಸಿದರೆ ಸಾಕು ಅಂತ ಕೂತು ಬರೆದೆ. ಅಕ್ಕ, ಭಾವನಿಗೆ ನನ್ನ ನಮಸ್ಕಾರ ಹೇಳು.

ನಿನ್ನವನು,
ಮೂಗಣ್ಣ

ತಾ.ಕ.: ಡಾಕ್ಟರು ನಿಧಾನಕ್ಕೆ ಸರಿಹೋಗುತ್ತದೆ ಅಂದರು ಅಂತ ಮೇಲೆ ಬರೆದೆನಲ್ಲ, ಅದು ಅವರ ಮಾತಲ್ಲ, ನನ್ನ ಆಸೆ. ವಾಸನೆಯ ನರಕ್ಕೇ ಪೆಟ್ಟಾಗಿದೆ, ವಾಪಸ್ ಬರುತ್ತದೆ ಅಂತ ಕಾದು ಕೂರಬೇಡಿ ಅಂದಿದ್ದಾರೆ. ಕಾಗದ ಹರಿದು ಮತ್ತೆ ಬರೆಯಬಹುದಿತ್ತು. ಬೇಡ, ಇಷ್ಟೆಲ್ಲ ಆದಮೇಲೂ ಒಂದು ಸುಳ್ಳು ನುಸುಳಿಸುವ ಮನುಷ್ಯ ಇವನು ಅಂತ ನಿನಗೆ ಗೊತ್ತಿರಲಿ. ಬರುವುದಾದರೆ ತಿಳಿದೇ ಬಾ. ಇನ್ನೊಂದು: ನಿನ್ನ ದಿಂಬಿನ ಕವರು ಮೂವತ್ತೆಂಟು ದಿನದಿಂದ ಬದಲಿಸಿಲ್ಲ. ಅದರಲ್ಲಿ ನಿನ್ನ ತಲೆಗೂದಲಿನ ವಾಸನೆ ಇನ್ನೂ ಇದೆಯೋ, ಹೋಯಿತೋ ನನಗೆ ಗೊತ್ತಾಗುವುದಿಲ್ಲ. ಇದ್ದರೆ ಅಂತ ಒಗೆಯದೆ ಇಟ್ಟಿದ್ದೇನೆ.