ಗೀರು ಬೀಳದ ಕೊಡಲಿ

ಫೆಬ್ರವರಿ 8, ಭಾನುವಾರ. ಏವಿಮೋರ್.

ಮೊಣಕೈ ಊದಿಕೊಂಡಿದೆ, ಪೆನ್ನು ಹಿಡಿಯುವುದೂ ಕಷ್ಟ. ಬೆಳಗ್ಗೆಯೆಲ್ಲಾ ಹಿಮದ ಇಳಿಜಾರಿನಲ್ಲಿ ಬೇಕೆಂದೇ ಜಾರುವುದು, ಬೋರಲು ಹೊರಳಿ ಹಿಮಗೊಡಲಿಯ ಮೊನೆಯನ್ನು ನೆಲಕ್ಕೆ ನಾಟಿಸಿ ಎದೆಭಾರ ಹಾಕಿ ಜಾರುವುದನ್ನು ತಡೆದು ನಿಲ್ಲುವುದು. ಇಪ್ಪತ್ತು ಸಲ ಆಯಿತು. ಕಲಿಸುವ ಐಲಿ ನನ್ನ ಮಗಳಿಗಿಂತ ಚಿಕ್ಕವಳು.

"ಬೆನ್ನಿಗೆ ಕಟ್ಕೊಂಡ್ರೆ ಕೊಡಲಿ ಬರೀ ಅಲಂಕಾರ, ಇಶ್ಬೆಲ್. ಇಳಿಜಾರು ಬರೋಕ್ ಮುಂಚೆನೇ ಕೈಗೆ ತಗೋಬೇಕು" ಅಂದಳು.

ಇದನ್ನು ನನ್ನ ಗಂಡನಿಗೆ ಯಾರು ಹೇಳಬೇಕಿತ್ತು? ಮೂವತ್ತು ವರ್ಷ ಬೆಟ್ಟ ಹತ್ತಿದ ಟಾರ್ಕಿಲ್‌ಗೆ ಪಾಠ ಬೇರೆ ಕೇಡು! ನಾನೂ ಬರ್ತೀನಿ ಅಂದರೆ, "ನೀನು ಕಾರಲ್ಲಿ ಕೂತು ಟೀ ಬಿಸಿಯಾಗಿಟ್ಟಿರು ಮಾರಾಯ್ತಿ" ಅನ್ನುತ್ತಿದ್ದ. ಹೋದ ಚಳಿಗಾಲ ಟೀ ಆರಿ ತಣ್ಣಗಾದ ಮೇಲೂ ಕಾದೆ. ಜಾರಿ ಸತ್ತವನನ್ನು ರಕ್ಷಣಾ ತಂಡದವರು ಕೆಳಗೆ ತಂದಾಗ, ಕೊಡಲಿ ಅವನ ಬೆನ್ನುಚೀಲಕ್ಕೆ ಕಟ್ಟಿದ ಹಾಗೇ ಇತ್ತು.

ಇವತ್ತು ಅದನ್ನೇ ಒಯ್ದಿದ್ದೆ. ಪಾಠ ಶುರುವಾಗುವ ಮೊದಲು ಐಲಿ ಅದರ ಮೊನೆ ಸವರಿ ನೋಡಿ, "ಒಂದು ಗೀರೂ ಇಲ್ವಲ್ಲ, ಹೊಸದಾ?" ಅಂದಳು.

"ಹನ್ನೊಂದು ವರ್ಷದ್ದು" ಅಂದೆ.

ಇದನ್ನು ಕಲಿಯಲು ಒಂದು ಬೆಳಗ್ಗೆ ಸಾಕಿತ್ತು, ಟಾರ್ಕಿಲ್. ಒಂದೇ ಒಂದು ಬೆಳಗ್ಗೆ. ಈಗ ಅದರ ತುಂಬಾ ಗೀರು. ಎಲ್ಲಾ ನನ್ನವೇ.